ಎಡಗಡೆ ಇಂಡಿಕೇಟರ್

ನನ್ನ ಕಾರಿಗೆ ಎರಡೇ ಸೀಟು. ಒಂದೇ ಸೀಟಿನ ಕಾರು ಮಾಡುವವರಿದ್ದರೆ ಅದನ್ನೇ ಕೊಳ್ಳುತ್ತಿದ್ದೆ, ಆದರೆ ಒಂಟಿ ಮನುಷ್ಯನನ್ನು ನೆನೆದು ಈ ಜಗತ್ತಿನಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ದೋಸೆ ಹಿಟ್ಟಿನ ಪೊಟ್ಟಣ ಕೂಡ ಸಂಸಾರಸ್ಥರ ಅಳತೆಯಲ್ಲೇ ಬರುತ್ತದೆ. ಎಡಗಡೆ ಸೀಟಿನ ಮೇಲೆ ನನ್ನ ಲ್ಯಾಪ್‌ಟಾಪ್ ಬ್ಯಾಗು ಕೂರುತ್ತದೆ. ಬ್ಯಾಗಿನ ಭಾರಕ್ಕೆ ಯಾರೋ ಮನುಷ್ಯರೇ ಕೂತರೆಂದು ತಿಳಿದು ಕಾರು ಕೀ ಕೀ ಎಂದು ಅರಚಿಕೊಳ್ಳುವುದರಿಂದ ಅದಕ್ಕೂ ಬೆಲ್ಟ್ ಹಾಕುತ್ತೇನೆ. ಪುಣೆಯ ಕೊಂಢವಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಇದನ್ನು ನೋಡಿ ಮೊದಲು ನಗುತ್ತಿದ್ದ. ಈಗ ಕನಿಕರದಿಂದ ಗೇಟು ತೆಗೆಯುತ್ತಾನೆ.

ನಾನು ಪುನೀತ, ಪಾಂಡವಪುರದ ಕಡೆಯವನು, ಯೆರವಡಾದ ಐಟಿ ಪಾರ್ಕೊಂದರಲ್ಲಿ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಹೆತ್ತವರಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಹೇಳಿದ್ದಾರೆ. ಹೆಂಡತಿ ಇಂಪನಾ ಮಾತ್ರ ಹೇಳಲಿಲ್ಲ. ಅವಳು ಸುಮ್ಮನೆ ಮೈಸೂರಿಗೆ ಹೋದಳು, ಆಮೇಲೆ ವಕೀಲರ ಬಾಯಿಂದ ಮಾತಾಡಿದಳು. ಅದೆಲ್ಲ ಮುಗಿದು, ಮನೆಯಲ್ಲಿ ನಾನೊಬ್ಬನೇ ಓಡಾಡುವ ಸದ್ದು ನನಗೇ ಕೇಳಿಸತೊಡಗಿದಾಗ ಈ ಕಾರು ಕೊಂಡೆ. ಜರ್ಮನಿಯದು, ಟಾಪು ಮಡಚಿದರೆ ಮೇಲೆ ಆಕಾಶ, ಬಣ್ಣ ಕಡುನೀಲಿ. ನನಗಿಂತ ಮೊದಲು ಇಬ್ಬರ ಕೈ ದಾಟಿ ಬಂದಿತ್ತು.

ತಂದ ವಾರವೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಡಗಡೆ ಸೀಟಿನ ಚರ್ಮ ಕೂತು ಕೂತು ಸುಕ್ಕಾಗಿತ್ತು, ಬಲಗಡೆ ಡ್ರೈವರ್ ಸೀಟು ಮಾತ್ರ ಮೊನ್ನೆ ಮೊನ್ನೆ ಮದುವೆಯಾದವಳ ಹಾಗೆ ಹೊಳೆಯುತ್ತಿತ್ತು. ಯಾವ ಕಾರಿನಲ್ಲೂ ಹೀಗಿರುವುದಿಲ್ಲ; ಓಡಿಸುವವನ ಸೀಟೇ ಮೊದಲು ಸವೆಯಬೇಕು. ಬಗ್ಗಿ ಅದರ ಅಡಿಯಲ್ಲಿ ತಯಾರಾದ ತಾರೀಖಿನ ಚೀಟಿ ನೋಡಿದೆ. ಸೀಟಿನ ವಯಸ್ಸು ಕಾರಿನ ವಯಸ್ಸಿಗಿಂತ ಕಡಿಮೆಯಿತ್ತು. ಅಂದರೆ ಯಾರೋ ಮೂಲ ಸೀಟನ್ನು ಕಿತ್ತು ಬೇರೆಯದನ್ನು ಕೂರಿಸಿದ್ದರು.

ಬೇರೆಯವರಾದರೆ ಹೋಗಲಿ ಬಿಡು ಎನ್ನುತ್ತಿದ್ದರು. ನನಗೆ ತಲೆ ಕೆಟ್ಟಿತು. ನನ್ನ ಪಾಲಿಗೆ ಬಂದದ್ದೆಲ್ಲ ಹೀಗೆ ಅರ್ಧ ಬದಲಾಗಿಯೇ ಬರಬೇಕೆ? ಒಂದು ವಸ್ತುವಾದರೂ ಮೊದಲು ಹೇಗಿತ್ತೋ ಹಾಗೇ ಇರಲಿ ಎಂಬ ಹಟ ಹಿಡಿಯಿತು. ಆ ಮೂಲ ಸೀಟು ನನಗೆ ಬೇಕೇ ಬೇಕು ಎಂದು ತೀರ್ಮಾನಿಸಿದೆ. ಕೆಲಸ ಬಿಟ್ಟರೆ ಬೇರೇನೂ ಇಲ್ಲದವನಿಗೆ ಇಂಥ ಒಂದು ಹಟ ಸಿಕ್ಕರೆ ಶನಿವಾರ, ಭಾನುವಾರಗಳು ಹೇಗೋ ಕಳೆಯುತ್ತವೆ.

ಮೊದಲು ಚಾಸಿ ನಂಬರ್ ಕಳಿಸಿ, ಕಾರ್ಖಾನೆಯಿಂದ ಹೊರಟಾಗ ಕಾರು ಹೇಗಿತ್ತು ಎಂಬ ವಿವರ ತರಿಸಿಕೊಂಡೆ. ಕಡುನೀಲಿ ಬಣ್ಣ ಸರಿ. ಚಕ್ರ ಸರಿ. ಸೀಟಿಗೆ ಬೆಲ್ಲದ ಬಣ್ಣದ ಚರ್ಮ, ಸರಿ. ಕೊನೆಗೊಂದು ಸಾಲಿತ್ತು: ಗಿರಾಕಿಯ ವಿಶೇಷ ಕೋರಿಕೆಯ ಮೇರೆಗೆ ಡ್ರೈವರ್ ಸೀಟಿನ ತಲೆದಿಂಬಿನ ಮೇಲೆ ದಾರದಲ್ಲಿ ಹೊಲಿದ ನಾಲ್ಕು ಇಂಗ್ಲಿಷ್ ಅಕ್ಷರ. ಎ, ಎನ್, ಎನ್, ಎ.

ಕಾರು ಮಾರಿಸಿದ ಬ್ರೋಕರನಿಗೆ ಫೋನು ಮಾಡಿದರೆ ಅವನು ಕಿಸಕ್ಕೆಂದ. ಆನಾ ಅಂತ ಯಾರೋ ಫಾರಿನ್ ಹುಡುಗಿ ಇರಬೇಕು ಸರ್, ಕೈ ಕೊಟ್ಟು ಹೋದಳು, ಸೀಟು ಬದಲಾಯಿಸಿ ಮಾರಿಬಿಟ್ಟರು ಎಂದು ಹಿಂದಿಯಲ್ಲಿ ಒಂದು ಸಿನಿಮಾ ಕತೆಯನ್ನೇ ಹೇಳಿದ. ನನಗೆ ನಗು ಬಂತು. ಕನ್ನಡದವನಿಗೆ ಆ ನಾಲ್ಕು ಅಕ್ಷರ ನೋಡಿದರೆ ಯಾವ ಹುಡುಗಿಯೂ ಕಾಣುವುದಿಲ್ಲ. ಅದು ಅಣ್ಣ. ಯಾರೋ ತಮ್ಮನೋ ತಂಗಿಯೋ ಅಣ್ಣನಿಗೆಂದು ಕೊಂಡ ಕಾರು. ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಇಂಥ ಕಾರಿನ ಮೇಲೆ ಹೆಸರು ಹೊಲಿಸಿಕೊಡುವಷ್ಟು ಪ್ರೀತಿ ಪಡೆದ ಆ ಅಣ್ಣನ ಮೇಲೆ ಹೊಟ್ಟೆಕಿಚ್ಚಾಯಿತು.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಪುಣೆಯಲ್ಲಿ ಓಡಿದ ಕಾರು ಸರ್ವೀಸಿಗೆ ಎಲ್ಲಾದರೂ ಬಂದೇ ಇರಬೇಕು. ನಮ್ಮ ಆಫೀಸಿನ ಹತ್ತಿರದ ಸರ್ವೀಸ್ ಸೆಂಟರಿನಲ್ಲಿ ಸಿಕ್ಕವನು ಸ್ವಪ್ನಿಲ್. ವಿಜಯಪುರದ ಮನೆತನ, ಹುಟ್ಟಿದ್ದು ಬೆಳೆದದ್ದು ಪುಣೆ. ನಾನು ಫೋನಿನಲ್ಲಿ ಯಾರಿಗೋ ಕನ್ನಡದಲ್ಲಿ ಬೈಯುವುದನ್ನು ಕೇಳಿ ತಾನಾಗಿ ಹತ್ತಿರ ಬಂದ. ಕಾರಿನ ನಂಬರ್ ಒತ್ತಿ, ಪರದೆ ನೋಡುತ್ತಾ ತಲೆ ಕೆರೆದುಕೊಂಡ.

"ವಿಚಿತ್ರ ಗಾಡಿ ಅದರಿ ಇದು. ಟಾಯರ್ ನೋಡಿದ್ರ ಹೊಸಾವು ಇದ್ದಂಗ ಅದಾವ. ಇಂಜಿನ್ ಭಾಳ ಚಲೋ. ಬ್ರೇಕ್ ಮಾತ್ರ ಮ್ಯಾಲಿಂದ ಮ್ಯಾಲೆ ಸವದಾವ. ಮತ್ತ ಇಂಡಿಕೇಟರ್ ಕಡ್ಡಿ ನೋಡ್ರಿ, ಎರಡ ಸಲ ಬದ್ಲಿ ಮಾಡೀವಿ. ಎರಡೂ ಸಲ ಎಡಗಡಿ ಹಾಕೂದ ಕೆಟ್ಟಿತ್ತು. ಬಲಗಡಿದು ಏನೂ ಆಗಿದ್ದಿಲ್ಲ."

"ಎಡಗಡೆ ಮಾತ್ರ ಯಾಕ್ ಕೆಡುತ್ತೆ?"

"ಯಾಂವಗ ಗೊತ್ತರಿ. ಬರೇ ಎಡಕ್ಕ ಹೊರಳಿದ್ರ ಮನುಷ್ಯಾ ಸುತ್ತ ಹಾಕಿ ಅಲ್ಲೇ ಬಂದ ನಿಂದರ್ತಾನ."

"ಅಣ್ಣನಿಗೆ ಡ್ರೈವಿಂಗ್ ಬರ್ತಿರ್ಲಿಲ್ಲ, ಅಷ್ಟೇ" ಎಂದೆ. "ಸ್ಪೋರ್ಟ್ಸ್ ಕಾರನ್ನ ಎತ್ತಿನಗಾಡಿ ಥರ ಓಡಿಸಿದಾನೆ. ತಮ್ಮನೋ ತಂಗಿನೋ ಕೊಡ್ಸಿದ್ದು, ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ನೋಡಿ."

ಅಣ್ಣ ಎಂದ ಕೂಡಲೇ ಸ್ವಪ್ನಿಲ್ ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ, ಆ ನಾಲ್ಕು ಅಕ್ಷರವನ್ನು ಬಿಡಿಸಿದ ನನ್ನ ಜಾಣತನವನ್ನು ಪೂರ್ತಿ ಹೇಳಿ ಮುಗಿಸಿದೆ. ಕೊನೆಗೆ ಅವನು, ಮೊದಲ ಒಡೆಯರ ನಂಬರ್ ಕೊಡುವಂತಿಲ್ಲ, ನಿಮ್ಮ ನಂಬರನ್ನು ಅವರಿಗೆ ಕಳಿಸುತ್ತೇನೆ, ಮನಸ್ಸಿದ್ದರೆ ಅವರೇ ಮಾಡುತ್ತಾರೆ ಎಂದ. ಎಲ್ಲರೂ ಹೀಗೇ ಅಡ್ಡಗೋಡೆಯ ಮೇಲೆ ದೀಪ ಇಡುವವರೇ ಎಂದು ಗೊಣಗುತ್ತಾ ಆಫೀಸಿಗೆ ಹೋದೆ.

ಆದರೆ ಹುಡುಕುತ್ತಿದ್ದ ಬಳ್ಳಿ ತಾನಾಗಿ ಬಂದು ಕಾಲಿಗೆ ತೊಡರಿತು. ಸಂಜೆಯೇ ಒಬ್ಬ ಹೆಂಗಸು ಫೋನು ಮಾಡಿದಳು. ಹೆಸರು ರಂಜನಾ. ಕೊಂಢವಾದಲ್ಲಿ ಕಟ್ಟಡ ಕಟ್ಟುವವರಿಗೆ ಕ್ರೇನು ಬಾಡಿಗೆ ಕೊಡುವ ವ್ಯವಹಾರ ಇತ್ತಂತೆ. ಈಗ ಅದನ್ನು ಪಾಲುದಾರರಿಗೆ ಬಿಟ್ಟು ಇಂದಾಪುರದಲ್ಲಿದ್ದಾಳೆ.

"ಸೀಟು ನಮ್ಮ ಮನ್ಯಾಗ ಅದರಿ" ಎಂದಳು.

"ನನಗೆ ಅದು ಬೇಕು ಮೇಡಂ. ನೀವು ಹಾಕ್ಸಿರೋ ಸೀಟನ್ನ ವಾಪಸ್ ಕೊಡ್ತೀನಿ. ಗಾಡಿ ಒರಿಜಿನಲ್ ಇರ್ಬೇಕು ಅನ್ನೋದಷ್ಟೇ ನನ್ನ ಆಸೆ."

"ಸೀಟು ಅಣ್ಣಂದರಿ. ಅಣ್ಣ ಹೂಂ ಅಂದ್ರ ಒಯ್ರಿ."

"ಅವರಿಗೇ ಫೋನ್ ಕೊಡಿ, ನಾನು ಮಾತಾಡ್ತೀನಿ."

"ಫೋನಿನ್ಯಾಗ ಮಾತಾಡಂಗಿಲ್ಲ ಅವರು. ನೀವ ಬರ್ರಿ. ರವಿವಾರ ಬರ್ರಿ, ಊಟಕ್ಕ ಬರ್ರಿ."

ಭಾನುವಾರ ಬೆಳಿಗ್ಗೆ ಟಾಪು ಮಡಚಿ ಸೋಲಾಪುರ ಹೆದ್ದಾರಿ ಹಿಡಿದೆ. ಬ್ಯಾಗಿಗೆ ಎಂದಿನಂತೆ ಬೆಲ್ಟ್. ವಾಪಸು ಬರುವಾಗ ಅದೇ ಜಾಗದಲ್ಲಿ ಆ ಸೀಟನ್ನು ಕೂರಿಸಿ, ಬೆಲ್ಟ್ ಬಿಗಿದು ತರುವುದು ನನ್ನ ಯೋಚನೆ. ಸೀಟಿನ ಮೇಲೆ ಸೀಟು. ದಾರಿಯುದ್ದಕ್ಕೂ ಅಣ್ಣನನ್ನು ಹೇಗೆ ಒಪ್ಪಿಸಬೇಕೆಂದು ಮಾತು ಜೋಡಿಸಿದೆ. ಫೋನಿನಲ್ಲಿ ಮಾತಾಡದ ದೊಡ್ಡ ಮನುಷ್ಯ, ತಂಗಿಯ ದುಡಿಮೆಯಲ್ಲಿ ಮೆರೆದವನು, ನನ್ನದೇ ವಯಸ್ಸಿನವನಿರಬೇಕು. ಭಿಗವಣ ದಾಟುವ ಹೊತ್ತಿಗೆ ಮನಸ್ಸಿನಲ್ಲೇ ಅವನ ಜೊತೆ ಜಗಳವೂ ಶುರುವಾಗಿತ್ತು.

ಇಂದಾಪುರದಲ್ಲಿ ಎಸ್‌ಟಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಬಸ್ಸುಗಳ ಡಿಪೋದ ಆಚೆ, ಹೆದ್ದಾರಿಗೆ ಮುಖ ಮಾಡಿದ ಮನೆ. ಅಂಗಳದಲ್ಲಿ ಹಳದಿ ಕ್ರೇನೊಂದು ಮೂಲೆ ಹಿಡಿದು ನಿಂತಿತ್ತು. ಜಗಲಿಯ ಮೇಲೆ ಕೌದಿ ಹೊದಿಸಿದ ಎತ್ತರದ ಕುರ್ಚಿಯಲ್ಲಿ ಒಬ್ಬ ಮುದುಕ ರಸ್ತೆ ನೋಡುತ್ತಾ ಕೂತಿದ್ದ. ಬೆನ್ನ ಹಿಂದೆ ಬಿಳಿ ಟವೆಲ್ಲು. ಪಕ್ಕದಲ್ಲಿ, ಅವನ ಎಡಕ್ಕೆ, ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿಯಿತ್ತು. ಕಾರನ್ನು ಗೇಟಿನಲ್ಲೇ ನಿಲ್ಲಿಸಿ ಒಳಗೆ ಹೋದೆ.

"ಕೂಡ್ರಿ, ಬಂದೆ" ಎಂದು ರಂಜನಾ ಅಡಿಗೆಮನೆಯಿಂದ ಕೂಗಿದಳು.

ಮುದುಕ ನನ್ನತ್ತ ತಿರುಗಿ, ಎಲ್ಲಿ ಇಳಿಯುತ್ತೀ ಎಂದು ಮರಾಠಿಯಲ್ಲಿ ಕೇಳಿದ. "ಇದೊಳ್ಳೆ ಕತೆಯಾಯ್ತಲ್ಲ" ಎಂದು ನಾನು ನನ್ನಷ್ಟಕ್ಕೆ ಗೊಣಗಿದೆ. ಕನ್ನಡ ಕಿವಿಗೆ ಬಿದ್ದದ್ದೇ ಅವನು ಕನ್ನಡಕ್ಕೆ ಬಂದ.

"ಎಲ್ಲಿ ಇಳೀತೀರಿ?"

"ಎಲ್ಲೂ ಇಳಿಯಲ್ಲ ಅಜ್ಜ. ಈ ಮನೆ ಅಣ್ಣನ್ನ ನೋಡಕ್ಕೆ ಬಂದಿದೀನಿ."

"ಎಷ್ಟ ಮಂದಿ?"

ಈ ಪ್ರಶ್ನೆ ನನಗೆ ಆಗಿಬರುವುದಿಲ್ಲ. ಹೋಟೆಲಿನ ಬಾಗಿಲಲ್ಲಿ ಅದನ್ನೇ ಕೇಳುತ್ತಾರೆ. ಒಬ್ಬನೇ ಎಂದರೆ ಕೈತೊಳೆಯುವ ಜಾಗದ ಪಕ್ಕದ ಮೇಜು ತೋರಿಸುತ್ತಾರೆ. ಹಾಗಾಗಿ ನಾನು ಈಗ ಊಟವನ್ನು ಮನೆಗೇ ತರಿಸುತ್ತೇನೆ. "ಕಾಣಲ್ವಾ? ಒಬ್ನೇ" ಎಂದು ಗದರಿದೆ.

ಮುದುಕನಿಗೆ ಬೇಸರವಾದಂತೆ ಕಾಣಲಿಲ್ಲ. "ಕೂಡ್ರಿ. ಜಾಗಾ ಅದ" ಎಂದು ಎಡಗಡೆಯ ಕುರ್ಚಿ ತೋರಿಸಿದ.

ನಾನು ಕೂರಲಿಲ್ಲ. ಅಣ್ಣ ಬರಲಿ ಎಂದು ಕಂಬಕ್ಕೆ ಒರಗಿ ನಿಂತೆ. ರಂಜನಾ ಚಹಾದ ತಟ್ಟೆ ಹಿಡಿದು ಹೊರಬಂದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು, ಕತ್ತರಿಸಿದ ನರೆಗೂದಲು. ನನಗೊಂದು ಕಪ್ಪು ಕೊಟ್ಟು, ಇನ್ನೊಂದನ್ನು ಬಸಿಗೆ ಬಗ್ಗಿಸಿ ಮುದುಕನ ಬಾಯಿಯ ಹತ್ತಿರ ಹಿಡಿದಳು.

"ಅಣ್ಣಾ, ಚಹಾ ತೊಗೋರಿ."

ಕಪ್ಪು ಹಿಡಿದ ನನ್ನ ಕೈ ಅಲ್ಲೇ ನಿಂತಿತು. "ಇವರು ನಿಮ್ಮ..."

"ಅಪ್ಪಾ ರಿ. ಸಿದ್ದಲಿಂಗಪ್ಪ ಅಂತ ಹೆಸರು. ನಮ್ಮ ಕಾಕಾಗೋಳು ನಾಕ ಮಂದಿ, ಎಲ್ಲಾರೂ ಅಣ್ಣಾ ಅಣ್ಣಾ ಅಂತಿದ್ರು. ಕೇಳಿ ಕೇಳಿ ನಾನೂ ಅಣ್ಣಾ ಅಂದೆ. ನಮ್ಮ ಕಡೆ ಭಾಳ ಮನ್ಯಾಗ ಹಿಂಗ ಅದರಿ. ಅಪ್ಪಾ ಅಂತ ನಾ ಒಂದ ಸಲಾನೂ ಕರದಿಲ್ಲ."

ಸ್ವಪ್ನಿಲ್ ಬಾಯಿ ತೆರೆದು ಹೇಳಲು ಹೊರಟದ್ದು ಇದನ್ನೇ ಇರಬೇಕು. ರಂಜನಾ ಹಿಂದಿನ ಬಿಳಿ ಟವೆಲ್ಲನ್ನು ಸರಿಸಿದಳು. ಬೆಲ್ಲದ ಬಣ್ಣದ ಚರ್ಮದ ಮೇಲೆ ಬಿಳಿ ದಾರದ ನಾಲ್ಕು ಅಕ್ಷರ. ಕೌದಿಯ ಅಡಿಯಲ್ಲಿದ್ದದ್ದು ನನ್ನ ಸೀಟು; ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಕಾಲುಗಳ ಮೇಲೆ ನಿಂತಿತ್ತು.

ಆಮೇಲೆ ಅವಳೇ ಹೇಳಿದಳು. ಅಣ್ಣ ಎಸ್‌ಟಿ ಬಸ್ ಡ್ರೈವರ್. ಆಯುಷ್ಯವೆಲ್ಲ ಇಂದಾಪುರದಿಂದ ಪುಣೆಯ ಸ್ವಾರಗೇಟ್‌ಗೆ, ಸ್ವಾರಗೇಟ್‌ನಿಂದ ಇಂದಾಪುರಕ್ಕೆ. ಮಗಳು ಕ್ರೇನು ಕೊಂಡು ಗಟ್ಟಿಯಾದ ಮೇಲೆ ನಿಮಗೇನು ಬೇಕು ಎಂದು ಕೇಳಿದರೆ, ಹಿಂದೆ ಮಂದಿಯ ಗದ್ದಲವಿಲ್ಲದ ಗಾಡಿ ಒಮ್ಮೆ ಹೊಡೆಯಬೇಕು ಎಂದರಂತೆ. ಅದಕ್ಕೇ ಎರಡು ಸೀಟಿನದನ್ನು ತರಿಸಿ, ಓಡಿಸುವವನ ಸೀಟಿಗೆ ಅವರ ಹೆಸರು ಹೊಲಿಸಿದಳು. ದಿನಾ ಬೆಳಿಗ್ಗೆ ಇದೇ ಹೆದ್ದಾರಿಯಲ್ಲಿ ಅವರು ಓಡಿಸುವುದು, ಇವಳು ಎಡಗಡೆ ಕೂರುವುದು.

"ಆದ್ರ ಎಸ್‌ಟಿ ಸ್ಟಾಪ್ ಕಂಡಲ್ಲೆಲ್ಲಾ ಎಡಕ್ಕ ಇಂಡಿಕೇಟರ್ ಹಾಕಿ ನಿಂದರ್ಸೂದ ರಿ. ಮೊದಲ ಚಾಷ್ಟಿ ಅಂದ್ಕೊಂಡೆ. ಮಂದಿ ನಗತಿದ್ರು, ನಾವೂ ನಗತಿದ್ವಿ. ಒಂದಿನ ಯವತ್ ಸ್ಟಾಪಿನ್ಯಾಗ ನಿಂದರ್ಸಿ, ನನ್ನ ಕಡೆ ಹೊಳ್ಳಿ, 'ಎಲ್ಲಿ ಇಳೀತೀರಿ ತಾಯಿ' ಅಂದ್ರು. ನಾ ನಕ್ಕೆ. ಅವರು ನಗಲಿಲ್ಲ."

ಅವಳು ಬಸಿಯನ್ನು ಕೆಳಗಿಟ್ಟಳು. ನನಗೆ ಆ ಸವೆದ ಬ್ರೇಕುಗಳು, ಎರಡು ಸಲ ಮುರಿದ ಎಡಗಡೆಯ ಇಂಡಿಕೇಟರ್, ಸುಕ್ಕುಗಟ್ಟಿದ ಎಡಗಡೆ ಸೀಟು ಎಲ್ಲ ಒಟ್ಟಿಗೆ ನೆನಪಾದವು. ಎತ್ತಿನಗಾಡಿ ಎಂದಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

"ಡಾಕ್ಟರು ಗಾಡಿ ಬಿಡಸ್ರಿ ಅಂದ್ರು. ಬಿಡಿಸಿದೆ. ಬಿಡಿಸಿದ ಮ್ಯಾಲೆ ಮಾತೂ ಬಿಟ್ರು. ಕಡೀಕ ಸೀಟ ಕಿತ್ತಿಸಿ ತಂದ ಇಲ್ಲಿ ಕುಂದ್ರಿಸಿದೆ, ಮಾತ ಬಂತು. ಬ್ಯಾರೆ ಖುರ್ಚಿ ಮ್ಯಾಲೆ ಕುಂದ್ರಿಸಿದ್ರ ತುಟಿ ಬಿಚ್ಚಂಗಿಲ್ಲ. ನನ್ನ ಗುರ್ತ ಹತ್ತಂಗಿಲ್ಲರಿ ಅವರಿಗೆ. ಆದ್ರ ಎಲ್ಲಿ ಇಳೀತೀರಿ ತಾಯಿ ಅಂತ ಕೇಳ್ತಾರ. ನಾ ಇಂದಾಪುರ ಅಂತೀನಿ. ದಿನಾ ಅಷ್ಟ ನಮ್ಮ ಮಾತು."

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಅವಳ ಮೇಲೆಯೇ ಹಾಯ್ದೆ. "ಹಾಗಿದ್ರೆ ಕೊಡಲ್ಲ ಅಂತ ಫೋನಲ್ಲೇ ಹೇಳ್ಬೋದಿತ್ತಲ್ಲ? ಯಾಕ್ ಇಷ್ಟು ದೂರ ಕರೆಸಿದ್ರಿ?"

ಅವಳು ಸೆರಗಿನಿಂದ ಮುದುಕನ ಬಾಯಿ ಒರೆಸಿದಳು. "ಯಾರೂ ಬರಂಗಿಲ್ಲರಿ ಇಲ್ಲೆ. ಮಂದಿಗೆ ಹೆದರಿಕಿ, ಇಲ್ಲಾ ಬ್ಯಾಸರಕಿ. ಸೀಟಿನ ನೆಪದಾಗರ ಒಬ್ರು ಬರ್ತಾರಂತ ಕರದೆ. ತಪ್ಪ ತಿಳ್ಕೋಬ್ಯಾಡ್ರಿ."

ನನ್ನ ಸಿಟ್ಟು ಹಾಲಿನ ಉಕ್ಕಿನಂತೆ ಇಳಿಯಿತು. ಇಂಥ ನೆಪಗಳು ನನಗೆ ಗೊತ್ತಿದ್ದವು. ಕೊರಿಯರ್‌ನವನ ಜೊತೆ ಒಂದು ನಿಮಿಷ ಹೆಚ್ಚು ಮಾತಾಡಲು ನಾನು ಪೆನ್ನು ಹುಡುಕುವ ನಾಟಕ ಆಡಿದ್ದೇನೆ. ಬೇಡದ ಸಾಮಾನು ತರಿಸಿ ವಾಪಸು ಕಳಿಸಿದ್ದೇನೆ. ಈ ಸೀಟು ಹುಡುಕಿದ್ದು ಕೂಡ, ನಿಜ ಹೇಳಬೇಕೆಂದರೆ, ಯಾರಾದರೂ ನನ್ನ ಜೊತೆ ಮಾತಾಡಲಿ ಎಂದೇ.

"ಮಾತು ಕೊಟ್ಟೀನಿ. ಕೇಳ್ರಿ ಅವರನ್ನ" ಎಂದಳು. "ಹೂಂ ಅಂದ್ರ ಒಯ್ರಿ. ನಾ ಅಡ್ಡ ಬರಂಗಿಲ್ಲ."

ನಾನು ಮುದುಕನ ಎದುರು ಹೋದೆ. ಗೇಟಿನಲ್ಲಿ ಅವರದೇ ಕಾರು ನಿಂತಿತ್ತು. ಅವರು ಅದನ್ನು ದಾಟಿ ಹೆದ್ದಾರಿಯನ್ನು ನೋಡುತ್ತಿದ್ದರು. ಏನು ಕೇಳಿದರೂ ಹೂಂ ಎನ್ನುವಂಥ ಮುಖ. ಕೇಳಿದರೆ ಸೀಟು ನನ್ನದಾಗುತ್ತಿತ್ತು. "ಅಣ್ಣಾ" ಎಂದೆ. ಜನ್ಮದಲ್ಲಿ ಯಾರನ್ನೂ ನಾನು ಹಾಗೆ ಮನಸಾರೆ ಕರೆದಿರಲಿಲ್ಲ. ಅವರು ತಿರುಗಿದರು.

"ಎಲ್ಲಿ ಇಳೀತೀರಿ?"

"ಪುಣೆ. ಸ್ವಾರಗೇಟ್."

"ಎಷ್ಟ ಮಂದಿ?"

ಈ ಸಲ ಗದರಲಿಲ್ಲ. "ಒಬ್ನೇ ಅಣ್ಣಾ. ನಾನೊಬ್ನೇ ಇರೋದು." ಇಂಪನಾ ಹೋದಂದಿನಿಂದ ಈ ಮಾತನ್ನು ನಾನು ಬಾಯಿ ಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಕೂಡ್ರಿ. ಜಾಗಾ ಅದ."

ಕೂತೆ. ರಂಜನಾ ಜಗಲಿಯ ಮೆಟ್ಟಿಲ ಮೇಲೆ ಕೂತಳು. ಅವರು ಅವಳನ್ನೂ ಕೇಳಿದರು, "ನೀವ ಎಲ್ಲಿ ತಾಯಿ?" ಅವಳು ಇಂದಾಪುರ ಎಂದಳು. ಇನ್ನೇನು ಬಂತು ಎಂದರು ಅಣ್ಣ, ಬಲು ನಂಬಿಕೆಯಿಂದ. ಎದುರಿಗೆ ಕಬ್ಬಿನ ಲಾರಿಗಳು, ಬೈಕುಗಳು, ಕೆಂಪು ಎಸ್‌ಟಿ ಬಸ್ಸುಗಳು ಹಾದು ಹೋಗುತ್ತಿದ್ದವು. ಅವರ ಎಡಗೈ ಬೆರಳು ಆಗಾಗ ಗಾಳಿಯಲ್ಲಿ ಸಣ್ಣಗೆ ಮೀಟುತ್ತಿತ್ತು. ಮೀಟಿದಾಗಲೆಲ್ಲ ನಾವು ಮೂವರೂ ಯಾವುದೋ ಸ್ಟಾಪಿನಲ್ಲಿ ನಿಂತು, ಯಾರೂ ಹತ್ತದೆ, ಮತ್ತೆ ಹೊರಟೆವು.

ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ. ಹೊರಡುವಾಗ ರಂಜನಾ ಗೇಟಿನವರೆಗೆ ಬಂದಳು. ಕಾರಿನ ಎಡಗಡೆ ಬಾಗಿಲ ಮೇಲೆ ಒಮ್ಮೆ ಕೈ ಇಟ್ಟು ತೆಗೆದಳು.

"ಸೀಟಿನ ವಿಷಯ ನೀವು ಕೇಳಲೇ ಇಲ್ಲಲ್ರಿ."

"ಮರೆತೇಹೋಯ್ತು" ಎಂದೆ. "ಮುಂದಿನ ಸಲ ಬಂದಾಗ ಕೇಳ್ತೀನಿ."

ಅವಳು ನನ್ನ ಮುಖ ನೋಡಿದಳು. "ಮುಂದಿನ ಸಲಾನೂ ಮರೀರಿ" ಎಂದಳು.

ವಾಪಸು ಬರುವಾಗ ಬಿಸಿಲು ಇಳಿದಿತ್ತು. ಅವರ ಮನೆಯಲ್ಲಿ ಕೂತು ಎದ್ದು ಬಂದವನಿಗೆ ಕಾರಿನಲ್ಲಿ ಇನ್ನೂ ಹೆಚ್ಚು ಒಂಟಿ ಎನಿಸಿತು. ಅದನ್ನು ಬೇರೆ ಬಣ್ಣ ಕಟ್ಟಿ ಹೇಳುವುದಿಲ್ಲ. ಯವತ್ ಹತ್ತಿರ ಎಸ್‌ಟಿ ಸ್ಟಾಪ್ ಕಂಡಿತು. ನನ್ನ ಬೆರಳು ತಾನಾಗಿ ಎಡಗಡೆ ಇಂಡಿಕೇಟರ್ ಒತ್ತಿತು. ನಿಲ್ಲಿಸಿದೆ. ಸ್ಟಾಪಿನಲ್ಲಿ ಯಾರೂ ಇರಲಿಲ್ಲ. ಟಿಕ್ ಟಿಕ್ ಎನ್ನುವ ಸದ್ದು ಕೇಳುತ್ತಾ ಸ್ವಲ್ಪ ಹೊತ್ತು ಕೂತೆ. ಆಮೇಲೆ ಎಡಗಡೆ ಸೀಟಿನ ಬೆಲ್ಟ್ ಬಿಚ್ಚಿ, ಬ್ಯಾಗನ್ನು ಎತ್ತಿ, ಇಳಿದು ಹೋಗಿ ಡಿಕ್ಕಿಯಲ್ಲಿ ಇಟ್ಟೆ. ಬೆಲ್ಲದ ಬಣ್ಣದ ಸುಕ್ಕು ಸುಕ್ಕು ಸೀಟು ಮೊದಲ ಸಲ ಖಾಲಿಯಾಗಿ ಕಂಡಿತು.

ಹಿಂದಿನಿಂದ ಕೆಂಪು ಬಸ್ಸೊಂದು ಬಂದು ಜೋರಾಗಿ ಹಾರ್ನ್ ಹೊಡೆಯಿತು. ನಾನು ಅದರ ಜಾಗದಲ್ಲಿ ನಿಂತಿದ್ದೆ. ಬೇರೆ ದಿನವಾಗಿದ್ದರೆ ಡ್ರೈವರನ ಜೊತೆ ಜಗಳ ಕಾಯುತ್ತಿದ್ದೆ. ಈವತ್ತು ಕೈ ಎತ್ತಿ, ಬಲಗಡೆ ಇಂಡಿಕೇಟರ್ ಹಾಕಿ ಹೊರಟೆ.